ಕಾಪಿ ಆಗುವವರೆಗೂ ಕಾಯಬೇಕೇ?

‘ಕಂಪ್ಯೂಟರ್ ತುಂಬಾ ಸ್ಲೋ ಆಗಿದೆ, ಹೊಸದು ತಗೋಬೇಕು’ ಎಂಬ ಮಾತು ಕೇಳಿಬರದ ಹಾಸ್ಟೆಲ್ ಇರಲಿಕ್ಕಿಲ್ಲ. ಸಿನಿಮಾ, ಪ್ರಾಜೆಕ್ಟ್, ಆನ್‌ಲೈನ್ ಕ್ಲಾಸಿನ ರೆಕಾರ್ಡಿಂಗ್, ಪ್ರವಾಸದ ವಿಡಿಯೊ, ಏನನ್ನೇ ಕಾಪಿಗೆ ಹಾಕಿದರೂ ಪರದೆಯ ಮೇಲೆ ಹಸಿರು ಪಟ್ಟಿ ಆಮೆಯಂತೆ ತೆವಳುತ್ತದೆ. ‘10 ನಿಮಿಷ ಬಾಕಿ’ ಎಂದಿದ್ದು ನೋಡನೋಡುತ್ತಲೇ ‘2 ಗಂಟೆ ಬಾಕಿ’ ಆಗುತ್ತದೆ. ನಾವೋ ಓದುವುದನ್ನು ಬಿಟ್ಟು ಅದಕ್ಕೆ ಕಾವಲು ಕೂತಿರುತ್ತೇವೆ.

ಹೆಚ್ಚಿನ ಸಲ ತಪ್ಪು ಕಂಪ್ಯೂಟರಿನದಲ್ಲ, ಫೈಲ್ ಸಾಗುವ ದಾರಿಯದು. ಆ ದಾರಿಯಲ್ಲಿ ಎಲ್ಲೋ ಒಂದು ಕಡೆ ಇಕ್ಕಟ್ಟಿರುತ್ತದೆ. ಅದನ್ನು ಪತ್ತೆಹಚ್ಚಿದರೆ ಖರ್ಚಿಲ್ಲದೆ, ಅಥವಾ ಸಣ್ಣ ಖರ್ಚಿನಲ್ಲೇ ವೇಗ ಸಿಗುತ್ತದೆ. ಆಮೇಲೆ ದಿನವೂ ಮಾಡುವ ಅದೇ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸಿ ನಾವು ನಿದ್ದೆ ಮಾಡಬಹುದು.

ಇದನ್ನು ನಾನು ಕಲಿತದ್ದು ಆಸಕ್ತಿಗಲ್ಲ, ಅಗತ್ಯಕ್ಕೆ. ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಕೈಖರ್ಚಿಗೆಂದು ಅರಸೀಕೆರೆಯ ಸ್ಟುಡಿಯೊವೊಂದಕ್ಕೆ ಮದುವೆ ವಿಡಿಯೊ ಎಡಿಟ್ ಮಾಡಿಕೊಡುತ್ತೇನೆ. ಲಗ್ನದ ಸೀಸನ್‌ನಲ್ಲಿ ಕ್ಯಾಮೆರಾದ ಮೆಮೊರಿ ಕಾರ್ಡ್‌ಗಳು ಸಂಜೆ ನನ್ನ ಕೈಗೆ ಬರುತ್ತವೆ, ಬೆಳಿಗ್ಗೆ ವಾಪಸ್ ಹೋಗಬೇಕು. ಮರುದಿನ ಇನ್ನೊಂದು ಮದುವೆ, ಕಾರ್ಡ್ ಫಾರ್ಮ್ಯಾಟ್ ಆಗುತ್ತದೆ. ಅಷ್ಟರೊಳಗೆ ನನ್ನ ಡಿಸ್ಕ್‌ಗೆ ಇಳಿದದ್ದಷ್ಟೇ ಆ ಮನೆಯವರಿಗೆ ಉಳಿಯುವ ಮದುವೆ. 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ರೆಕಾರ್ಡ್ ಆದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾಗಳು ಎರಡೆರಡು ಗಂಟೆ ಓಡಿ, ಫೋಟೊಗಳೂ ಸೇರಿದರೆ 200 ಜಿಬಿಗೆ ಮೋಸವಿಲ್ಲ. ಈ 200 ಜಿಬಿಯನ್ನೇ ಲೆಕ್ಕಕ್ಕೆ ಇಟ್ಟುಕೊಂಡು ಮುಂದಿನದನ್ನು ಹೇಳುತ್ತೇನೆ.

ಬಿಟ್ ಬೇರೆ, ಬೈಟ್ ಬೇರೆ

ಇಂಟರ್ನೆಟ್ ಕಂಪನಿಯ ಜಾಹೀರಾತಿನಲ್ಲಿ ‘100 ಎಂಬಿಪಿಎಸ್’ ಎಂದಿರುತ್ತದೆ. ಡೌನ್‌ಲೋಡ್ ನೋಡಿದರೆ ಸೆಕೆಂಡಿಗೆ 11 ಎಂಬಿ ದಾಟುವುದಿಲ್ಲ. ಜಗಳಕ್ಕೆ ಹೋಗುವ ಮುನ್ನ ಒಂದು ಭಾಗಾಕಾರ ಮಾಡಿ. ಜಾಹೀರಾತಿನಲ್ಲಿರುವುದು ಮೆಗಾಬಿಟ್, ಪರದೆ ತೋರಿಸುವುದು ಮೆಗಾಬೈಟ್. 8 ಬಿಟ್‌ಗೆ 1 ಬೈಟ್. ಹಾಗಾಗಿ 100 ಮೆಗಾಬಿಟ್ ಎಂದರೆ ಹೆಚ್ಚೆಂದರೆ 12.5 ಮೆಗಾಬೈಟ್. ದಾರಿಖರ್ಚು ಕಳೆದರೆ 11ರ ಆಸುಪಾಸು ಕೈಗೆ ಸಿಗುತ್ತದೆ. ಪೋರ್ಟ್, ಕೇಬಲ್, ರೂಟರ್ ಯಾವುದರ ಮೇಲೆ ವೇಗ ಬರೆದಿದ್ದರೂ ಮೊದಲು 8ರಿಂದ ಭಾಗಿಸಿ ನೋಡುವ ಅಭ್ಯಾಸ ಒಳ್ಳೆಯದು.

ಇಕ್ಕಟ್ಟು ಎಲ್ಲಿದೆ?

ಬೋರ್‌ವೆಲ್‌ನಿಂದ ಎರಡೂವರೆ ಇಂಚಿನ ಪೈಪ್ ಎಳೆದು, ಕೊನೆಗೆ ಅರ್ಧ ಇಂಚಿನ ನಲ್ಲಿ ಕೂರಿಸಿದರೆ ನೀರು ಬರುವುದು ಅರ್ಧ ಇಂಚಿನಷ್ಟೇ. ಮೋಟಾರ್ ದೊಡ್ಡದು ಮಾಡಿ ಪ್ರಯೋಜನವಿಲ್ಲ. ಫೈಲ್‌ಗಳದ್ದೂ ಇದೇ ಕಥೆ. ಕಾರ್ಡ್, ಕಾರ್ಡ್ ರೀಡರ್, ಯುಎಸ್‌ಬಿ ಪೋರ್ಟ್, ಕೇಬಲ್, ಡಿಸ್ಕ್ ಇವಿಷ್ಟರಲ್ಲಿ ಯಾವುದು ಅತಿ ನಿಧಾನವೋ ಅದರದ್ದೇ ವೇಗ ಎಲ್ಲಕ್ಕೂ.

ನನ್ನ ದಾರಿಯಲ್ಲಿ ಇಕ್ಕಟ್ಟಾಗಿದ್ದು ಬೆರಳುಗಾತ್ರದ ಹಳೆಯ ಕಾರ್ಡ್ ರೀಡರ್. ಅದು ಯುಎಸ್‌ಬಿ 2.0 ಕಾಲದ್ದು. 2000ನೇ ಇಸವಿಯಲ್ಲಿ ಬಂದ ಈ ಮಾದರಿಗೆ ಕಾಗದದ ಮೇಲೆ 480 ಮೆಗಾಬಿಟ್ ವೇಗ. ನಿಜದಲ್ಲಿ ಸಿಗುವುದು ಸೆಕೆಂಡಿಗೆ 35 ಎಂಬಿ ಆಸುಪಾಸು. ಅಂದರೆ 200 ಜಿಬಿಗೆ ಒಂದು ಗಂಟೆ 35 ನಿಮಿಷ. 2008ರಲ್ಲಿ ಬಂದ ಯುಎಸ್‌ಬಿ 3.0 ಮಾದರಿಯ ಮಿತಿ 5 ಗಿಗಾಬಿಟ್. ಆ ಮಾದರಿಯ ರೀಡರ್ ಹಾಕಿದ ಮೇಲೆ ಇಕ್ಕಟ್ಟು ಕಾರ್ಡಿಗೇ ಬಂತು. ಯುಎಚ್‌ಎಸ್-1 ವರ್ಗದ ಕಾರ್ಡಿನ ನಿಗದಿತ ಮಿತಿ ಸೆಕೆಂಡಿಗೆ 104 ಎಂಬಿ. ನನಗೆ ಸಿಗುವುದು 90ರ ಹತ್ತಿರ. ಅದೇ 200 ಜಿಬಿ ಈಗ 40 ನಿಮಿಷದೊಳಗೆ ಇಳಿಯುತ್ತದೆ. ಕಂಪ್ಯೂಟರ್ ಅದೇ ಹಳೆಯದು.

ಡೆಸ್ಕ್‌ಟಾಪ್‌ನ ಮುಂದಿರುವ ಕಪ್ಪು ಪೋರ್ಟ್‌ಗಳು ಸಾಮಾನ್ಯವಾಗಿ 2.0, ಒಳಗೆ ನೀಲಿ ನಾಲಗೆ ಇರುವವು 3.0. ಬಣ್ಣವಿಲ್ಲದ ಲ್ಯಾಪ್‌ಟಾಪ್‌ನಲ್ಲಿ ಪೋರ್ಟ್ ಪಕ್ಕ ‘ಎಸ್‌ಎಸ್’ ಗುರುತಿದೆಯೇ ನೋಡಿ. ಕೇಬಲ್ ಬಗ್ಗೆಯೂ ಎಚ್ಚರ ಇರಲಿ. ಮೊಬೈಲ್ ಚಾರ್ಜರ್ ಜೊತೆ ಬರುವ ಸಿ-ಟೈಪ್ ಕೇಬಲ್‌ಗಳಲ್ಲಿ ಹೆಚ್ಚಿನವು ಚಾರ್ಜಿಂಗ್‌ಗೆ ಚೆನ್ನ, ಡೇಟಾ ಸಾಗಣೆಯಲ್ಲಿ ಮಾತ್ರ 2.0 ವೇಗದವು.

ಇನ್ನು ಡಿಸ್ಕ್. ತಿರುಗುವ ಹಾರ್ಡ್ ಡಿಸ್ಕ್ ದೊಡ್ಡ ಫೈಲ್‌ಗಳನ್ನು ಸೆಕೆಂಡಿಗೆ 100ರಿಂದ 150 ಎಂಬಿ ವೇಗದಲ್ಲಿ ಬರೆಯುತ್ತದೆ. ಸಾಟಾ ಎಸ್‌ಎಸ್‌ಡಿ 500ರ ಆಸುಪಾಸು ಮುಟ್ಟುತ್ತದೆ. ಅಗ್ಗದ ಪೆನ್‌ಡ್ರೈವ್ ಮೊದಲ ಕೆಲವು ಕ್ಷಣ ಓಡಿ, ಆಮೇಲೆ 10–20ಕ್ಕೆ ಕುಸಿಯುತ್ತದೆ. ಶುರುವಿನ ಆ ಓಟ ತಾತ್ಕಾಲಿಕ ಕ್ಯಾಶ್ ಮೆಮೊರಿಯದು. ‘10 ನಿಮಿಷ ಬಾಕಿ’ ಇದ್ದದ್ದು ‘2 ಗಂಟೆ’ ಆಗುವ ರಹಸ್ಯ ಎಷ್ಟೋ ಸಲ ಇಷ್ಟೇ.

ನಿಮ್ಮಲ್ಲಿ ಇಕ್ಕಟ್ಟು ಎಲ್ಲಿದೆ ಎಂದು ತಿಳಿಯಲು ಹೊಸ ಸಾಫ್ಟ್‌ವೇರ್ ಬೇಡ. 5 ಜಿಬಿಯ ಒಂದೇ ಫೈಲ್ ಕಾಪಿ ಮಾಡಿ, ಮೊಬೈಲ್‌ನ ಸ್ಟಾಪ್‌ವಾಚ್‌ನಲ್ಲಿ ಸಮಯ ನೋಡಿ ಭಾಗಿಸಿ. ಜೊತೆಗೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟ ಗಮನಿಸಿ. ಯಾವುದೋ ಒಂದು ಡಿಸ್ಕ್ ಶೇ 100ರಲ್ಲಿ ನಿಂತಿದ್ದರೆ ಇಕ್ಕಟ್ಟು ಅದೇ. ಎಲ್ಲ ಡಿಸ್ಕ್‌ಗಳೂ ಆರಾಮಾಗಿದ್ದರೆ ಪೋರ್ಟ್, ಕೇಬಲ್ ಅಥವಾ ನೆಟ್‌ವರ್ಕ್ ಕಡೆ ನೋಡಬೇಕು.

ಒಂದು ಮೂಟೆ, ಲಕ್ಷ ಕಾಳು

ಒಂದು ಮೂಟೆ ಅಕ್ಕಿಯನ್ನು ಹೊತ್ತು ಆಚೆ ಮನೆಗೆ ಹಾಕುವುದು ಎರಡು ನಿಮಿಷದ ಕೆಲಸ. ಅದೇ ಅಕ್ಕಿಯನ್ನು ಕಾಳು ಕಾಳಾಗಿ ಎಣಿಸಿ, ಪ್ರತಿ ಕಾಳಿಗೂ ರಿಜಿಸ್ಟರ್‌ನಲ್ಲಿ ಹೆಸರು ಬರೆದು ಸಾಗಿಸಿ ಎಂದರೆ? ಸಾವಿರಾರು ಸಣ್ಣ ಫೈಲ್‌ಗಳ ಕಾಪಿ ನಡೆಯುವುದು ಹಾಗೆ. ಪ್ರತಿ ಫೈಲ್‌ಗೂ ಹೆಸರು, ದಿನಾಂಕ, ಜಾಗ ಎಲ್ಲವನ್ನೂ ಕಂಪ್ಯೂಟರ್ ದಾಖಲಿಸಬೇಕು. ಆಂಟಿವೈರಸ್ ಒಂದೊಂದನ್ನೂ ತಡೆದು ತಪಾಸಣೆ ಮಾಡುತ್ತದೆ. ಆದ್ದರಿಂದಲೇ 5 ಜಿಬಿ ಸಿನಿಮಾ ಸಲೀಸಾಗಿ ಹೋಗುತ್ತದೆ, 500 ಎಂಬಿಯ ಪ್ರಾಜೆಕ್ಟ್ ಫೋಲ್ಡರ್ ಒದ್ದಾಡುತ್ತದೆ.

ಪರಿಹಾರ ಸುಲಭ. 7-ಜಿಪ್‌ನಂತಹ ಉಚಿತ ಸಾಫ್ಟ್‌ವೇರ್‌ನಲ್ಲಿ ಇಡೀ ಫೋಲ್ಡರನ್ನು ಒಂದೇ ಮೂಟೆ ಕಟ್ಟಿ ಕಳಿಸಿ. ಫೋಟೊ, ವಿಡಿಯೊ ಮೊದಲೇ ಕುಗ್ಗಿಸಿದ ಫೈಲ್‌ಗಳಾದ್ದರಿಂದ ಮತ್ತೆ ಕುಗ್ಗಿಸಲು ಹೋಗದೆ ‘ಸ್ಟೋರ್’ ಆಯ್ಕೆ ಕೊಡಿ, ಸಮಯ ಉಳಿಯುತ್ತದೆ. ಕಂಪ್ಯೂಟರ್ ಸೈನ್ಸ್ ಓದುವವರಿಗೆ ಒಂದು ಕಿವಿಮಾತು: ನೋಡ್ ಜೆಎಸ್ ಪ್ರಾಜೆಕ್ಟ್‌ನಲ್ಲಿ ‘ನೋಡ್ ಮಾಡ್ಯೂಲ್ಸ್’ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಹೊತ್ತೊಯ್ಯಬೇಡಿ. ಪ್ಯಾಕೇಜ್ ಪಟ್ಟಿಯ ಫೈಲ್ ಒಂದಿದ್ದರೆ ಇನ್ನೊಂದು ಕಂಪ್ಯೂಟರಿನಲ್ಲಿ ಅದನ್ನು ಮತ್ತೆ ಇಳಿಸಿಕೊಳ್ಳಬಹುದು.

‘ಡಿಸ್ಕ್‌ನಲ್ಲಿ ಜಾಗ ಇದೆ, ಆದರೂ ಸಿನಿಮಾ ಕಾಪಿ ಆಗ್ತಿಲ್ಲ’ ಎಂಬುದು ಇನ್ನೊಂದು ಸಾಮಾನ್ಯ ಗೋಳು. ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಒಳಗಿರುವುದನ್ನು ಬೇರೆಡೆ ಇಟ್ಟು, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಆ ತೊಡಕು ಹೋಗುತ್ತದೆ.

ಗಾಳಿಗಿಂತ ತಂತಿ ಮೇಲು

ಮನೆಯಲ್ಲಿ ಎರಡು ಕಂಪ್ಯೂಟರ್‌ಗಳಿದ್ದರೆ ವೈಫೈ ಮೂಲಕ ಕಳಿಸುವುದು ಎಲ್ಲರಿಗೂ ರೂಢಿ. ಹಳೆಯ 2.4 ಗಿಗಾಹರ್ಟ್ಸ್ ವೈಫೈ, ನಡುವೆ ಎರಡು ಗೋಡೆ ಎಂದರೆ ಸೆಕೆಂಡಿಗೆ 5 ಎಂಬಿ ಸಿಕ್ಕರೂ ಪುಣ್ಯ. ಆ ಲೆಕ್ಕದಲ್ಲಿ 200 ಜಿಬಿಗೆ 11 ಗಂಟೆ. 100 ಮೆಗಾಬಿಟ್‌ನ ತಂತಿಯಲ್ಲಿ 5 ಗಂಟೆ. ಗಿಗಾಬಿಟ್ ತಂತಿಯಲ್ಲಿ, ಎರಡೂ ಬದಿಯ ಡಿಸ್ಕ್ ಚುರುಕಾಗಿದ್ದರೆ, ಅರ್ಧ ಗಂಟೆ.

ಇಲ್ಲೊಂದು ಸೂಕ್ಷ್ಮವಿದೆ. ನೆಟ್‌ವರ್ಕ್ ಕೇಬಲ್ ಒಳಗೆ 8 ಎಳೆಗಳಿರುತ್ತವೆ. 100 ಮೆಗಾಬಿಟ್ ವೇಗಕ್ಕೆ 4 ಎಳೆ ಸಾಕು, ಗಿಗಾಬಿಟ್‌ಗೆ 8 ಎಳೆಯೂ ಬೇಕು. ಗಿಗಾಬಿಟ್‌ಗೆ ಮಾತ್ರ ಬೇಕಾದ ಉಳಿದ 4 ಎಳೆಗಳಲ್ಲಿ ಒಂದು ಸಡಿಲಾದರೆ ಸಾಮಾನ್ಯವಾಗಿ ಸಂಪರ್ಕ ಕಡಿಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ. ಎಲ್ಲವೂ ಸರಿಯಿದೆ ಎಂದೇ ನಾವು ಅಂದುಕೊಂಡಿರುತ್ತೇವೆ. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ ಸ್ಪೀಡ್’ ಎಂಬ ಸಾಲು 100 ತೋರಿಸುತ್ತಿತ್ತು. ಕೇಬಲ್ ಬದಲಿಸಿದ ಕೂಡಲೇ 1000 ಆಯಿತು.

ಇಂಟರ್ನೆಟ್ ಮೂಲಕ ದೂರದ ಊರಿಗೆ ಕಳಿಸುವಾಗ ಡೌನ್‌ಲೋಡ್ ವೇಗವಲ್ಲ, ಅಪ್‌ಲೋಡ್ ವೇಗ ಮುಖ್ಯ. 40 ಮೆಗಾಬಿಟ್ ಅಪ್‌ಲೋಡ್ ಎಂದರೆ ಸೆಕೆಂಡಿಗೆ 5 ಎಂಬಿ, ಮತ್ತದೇ 11 ಗಂಟೆ. ಬೆಂಗಳೂರಿನ ಆಲ್ಬಂ ಡಿಸೈನರ್‌ಗೆ 1 ಟಿಬಿ ಕೊಡಬೇಕಾದಾಗ ನಾನು ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡು ರೈಲು ಹತ್ತುತ್ತೇನೆ. ಮೂರು ಗಂಟೆಯ ಪ್ರಯಾಣ ಎಂದಿಟ್ಟುಕೊಂಡರೂ ಸೆಕೆಂಡಿಗೆ 92 ಎಂಬಿ ಸಾಗಿಸಿದ ಲೆಕ್ಕ, ಅಂದರೆ 740 ಎಂಬಿಪಿಎಸ್!

ಇದನ್ನು ಹಳ್ಳಿ ಬುದ್ಧಿ ಎಂದು ನಗಬೇಡಿ. 2019ರ ಏಪ್ರಿಲ್ 10ರಂದು ಜಗತ್ತು ನೋಡಿದ ಕಪ್ಪುಕುಳಿಯ ಮೊದಲ ಚಿತ್ರ ತಯಾರಾದದ್ದೂ ಹೀಗೆಯೇ. ಈವೆಂಟ್ ಹೊರೈಜನ್ ಟೆಲಿಸ್ಕೋಪ್ ಯೋಜನೆಯ ದೂರದರ್ಶಕಗಳು 2017ರ ಏಪ್ರಿಲ್‌ನಲ್ಲಿ ಕಲೆಹಾಕಿದ ಸುಮಾರು 5 ಪೆಟಾಬೈಟ್ ಮಾಹಿತಿ ಇಂಟರ್ನೆಟ್‌ನಲ್ಲಿ ಕಳಿಸುವಂಥದ್ದಾಗಿರಲಿಲ್ಲ. ಹಾರ್ಡ್ ಡಿಸ್ಕ್‌ಗಳನ್ನೇ ವಿಮಾನದಲ್ಲಿ ಅಮೆರಿಕದ ಎಂಐಟಿ ಹೇಸ್ಟ್ಯಾಕ್ ವೀಕ್ಷಣಾಲಯಕ್ಕೂ ಜರ್ಮನಿಯ ಬಾನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗೂ ಸಾಗಿಸಿದರು. ದಕ್ಷಿಣ ಧ್ರುವದ ಡಿಸ್ಕ್‌ಗಳಂತೂ ಅಲ್ಲಿನ ಚಳಿಗಾಲ ಮುಗಿದು ವಿಮಾನ ಹಾರುವವರೆಗೂ ತಿಂಗಳುಗಟ್ಟಲೆ ಕಾದವು.

ರಾತ್ರಿ ಪಾಳಿ ಕಂಪ್ಯೂಟರಿಗೆ

ವೇಗ ಹೆಚ್ಚಿಸಿಯಾಯಿತು. ಆದರೂ ನಾಲ್ಕು ಕಾರ್ಡ್, ಎರಡು ಡಿಸ್ಕ್ ಎಂದರೆ ರಾತ್ರಿಯ ಎರಡು-ಮೂರು ಗಂಟೆ ಬೇಕೇ ಬೇಕು. ಅಷ್ಟು ಹೊತ್ತು ಕೂತು ಎಳೆದು ಬಿಡುವ ಕೆಲಸಕ್ಕೆ ಮನುಷ್ಯ ಯಾಕೆ?

ವಿಂಡೋಸ್ ವಿಸ್ಟಾದಿಂದ ಈಚೆಗಿನ ಎಲ್ಲ ವಿಂಡೋಸ್‌ನಲ್ಲೂ ‘ರೋಬೋಕಾಪಿ’ ಎಂಬ ಉಪಕರಣ ಒಳಗೇ ಕೂತಿದೆ. ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಒಂದು ಸಾಲು ಬರೆದರೆ ಸಾಕು. ಎಲ್ಲಿಂದ, ಎಲ್ಲಿಗೆ ಎಂದು ಬರೆದು, ಓರೆಗೆರೆ ಹಾಕಿ ಸಣ್ಣ ಸೂಚನೆಗಳನ್ನು ಸೇರಿಸಬೇಕು. ‘ಇ’ ಎಂದರೆ ಒಳಗಿನ ಫೋಲ್ಡರ್‌ಗಳೂ ಸೇರಿ. ‘ಎಂಟಿ’ ಎಂದರೆ ಏಕಕಾಲಕ್ಕೆ ಹಲವು ಫೈಲ್‌ಗಳು, ಸುಮ್ಮನೆ ಬರೆದರೆ 8, ಬೇಕಾದರೆ 128ರವರೆಗೆ. ಸಣ್ಣ ಫೈಲ್‌ಗಳಿಗೆ ಇದು ವರದಾನ. ತಿರುಗುವ ಡಿಸ್ಕ್‌ಗೆ ದೊಡ್ಡ ವಿಡಿಯೊ ಹಾಕುವಾಗ ಮಾತ್ರ ಸಂಖ್ಯೆ ಕಡಿಮೆ ಇದ್ದಷ್ಟೂ ಒಳ್ಳೆಯದು. ‘ಲಾಗ್’ ಎಂದರೆ ನಡೆದದ್ದೆಲ್ಲವನ್ನೂ ಒಂದು ಫೈಲ್‌ನಲ್ಲಿ ಬರೆದಿಡು ಎಂದರ್ಥ. ಮುಂಚೆಯೇ ಕಾಪಿ ಆದ ಫೈಲನ್ನು ಅದು ಮತ್ತೆ ಮುಟ್ಟುವುದಿಲ್ಲ. ಹೀಗಾಗಿ ಅರ್ಧಕ್ಕೆ ನಿಂತರೂ ಮೊದಲಿಂದ ಶುರು ಮಾಡಬೇಕಿಲ್ಲ.

ಒಂದು ತಮಾಷೆಯ ವಿಷಯ. ಒಂದು ಫೈಲ್ ಓದಲಾಗದಿದ್ದರೆ ರೋಬೋಕಾಪಿ ತಾನಾಗಿ 10 ಲಕ್ಷ ಸಲ, ಪ್ರತಿ ಸಲ 30 ಸೆಕೆಂಡ್ ಬಿಟ್ಟು ಪ್ರಯತ್ನಿಸುತ್ತದೆ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಒಂದು ವರ್ಷ! ಅದಕ್ಕೇ ‘ಆರ್’ ಬರೆದು 2 ಸಲ, ‘ಡಬ್ಲ್ಯು’ ಬರೆದು 5 ಸೆಕೆಂಡ್ ಸಾಕು ಎಂದು ಹೇಳಿಬಿಡಿ.

ಈ ಸಾಲುಗಳನ್ನು ನೋಟ್‌ಪ್ಯಾಡ್‌ನಲ್ಲಿ ಬರೆದು ಬ್ಯಾಚ್ ಫೈಲ್ ಆಗಿ ಉಳಿಸಿ, ‘ಟಾಸ್ಕ್ ಶೆಡ್ಯೂಲರ್’ನಲ್ಲಿ ಸಮಯ ಕೊಟ್ಟರೆ ಮುಗಿಯಿತು. ನನ್ನದು ರಾತ್ರಿ 11ಕ್ಕೆ ಶುರುವಾಗುತ್ತದೆ. ಆ ದಿನದ ಹೆಸರಿನ ಫೋಲ್ಡರ್ ತೆರೆಯುತ್ತದೆ, ಕಾರ್ಡ್‌ಗಳಿಂದ ಮೊದಲ ಡಿಸ್ಕ್‌ಗೆ, ಅಲ್ಲಿಂದ ಎರಡನೇ ಡಿಸ್ಕ್‌ಗೆ ಕಾಪಿ ಮಾಡುತ್ತದೆ. ಕಂಪ್ಯೂಟರ್ ನಡುವೆ ಸ್ಲೀಪ್‌ಗೆ ಹೋಗದಂತೆ ಸೆಟ್ಟಿಂಗ್ ಬದಲಿಸಿಕೊಳ್ಳುವುದು ಮುಖ್ಯ. ಲ್ಯಾಪ್‌ಟಾಪ್ ಆದರೆ ಇನ್ನೊಂದು: ಚಾರ್ಜರ್ ಹಾಕಿಲ್ಲದಿದ್ದರೆ ಕೆಲಸ ಶುರುವೇ ಆಗಬಾರದು ಎಂಬ ಗುರುತು ಶೆಡ್ಯೂಲರ್‌ನಲ್ಲಿ ಮೊದಲೇ ಹಾಕಿರುತ್ತದೆ.

ಲಿನಕ್ಸ್ ಬಳಸುವವರಿಗೆ ‘ಆರ್‌ಸಿಂಕ್’ ಇದೆ. ಆಸ್ಟ್ರೇಲಿಯದ ಆ್ಯಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಹೊರತಂದ ಈ ಉಪಕರಣದ ಜಾಣತನ ಏನೆಂದರೆ, ನೆಟ್‌ವರ್ಕ್ ಮೇಲೆ ಕಳಿಸುವಾಗ ದೊಡ್ಡ ಫೈಲ್‌ನಲ್ಲಿ ಬದಲಾದ ಭಾಗವನ್ನಷ್ಟೇ ಕಳಿಸುತ್ತದೆ. ಅಲ್ಲಿ ಸಮಯ ನಿಗದಿಗೆ ‘ಕ್ರಾನ್’ ಉಂಟು. ಕಮಾಂಡ್ ಎಂದರೆ ಭಯ ಎನ್ನುವವರಿಗೆ ‘ಫ್ರೀಫೈಲ್‌ಸಿಂಕ್’ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಮೌಸ್‌ನಲ್ಲೇ ಎಲ್ಲ ಮುಗಿಯುತ್ತದೆ.

ಒಂದು ಎಚ್ಚರಿಕೆ. ರೋಬೋಕಾಪಿಯ ‘ಮಿರ್’ ಸೂಚನೆ ಕನ್ನಡಿಯ ಹಾಗೆ. ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ಅಳಿಸುತ್ತದೆ. ಡ್ರೈವ್ ಅಕ್ಷರ ಬದಲಾಗಿ ಮೂಲದ ಜಾಗದಲ್ಲಿ ಖಾಲಿ ಫೋಲ್ಡರ್ ಸಿಕ್ಕಿತೋ, ನಿಮ್ಮ ಬ್ಯಾಕಪ್ ಎಲ್ಲ ಗುಡಿಸಿ ಹಾಕಿದಂತೆಯೇ. ಮೊದಲು ‘ಎಲ್’ ಸೂಚನೆ ಕೊಟ್ಟು ನೋಡಿ. ಏನು ಮಾಡಲಿದೆ ಎಂದು ಪಟ್ಟಿ ತೋರಿಸುತ್ತದೆ, ಏನನ್ನೂ ಮಾಡುವುದಿಲ್ಲ.

ಗಾತ್ರ ಸರಿ, ಒಳಗೆ ಖಾಲಿ

ವೇಗದ ಹುಚ್ಚಿನಲ್ಲಿ ನಾವು ಮರೆಯುವುದು ತಾಳೆ ನೋಡುವುದನ್ನು. ಕಳೆದ ಬೇಸಿಗೆಯ ಒಂದು ರಾತ್ರಿ ಕಾಪಿ ನಡೆಯುತ್ತಿದ್ದಾಗ ಕರೆಂಟ್ ಹೋಯಿತು. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲ. ಬೆಳಗಿನ ಜಾವ ಎದ್ದು ಅದೇ ಬ್ಯಾಚ್ ಫೈಲ್ ಮತ್ತೆ ಓಡಿಸಿದೆ. ಅರ್ಧಕ್ಕೆ ನಿಂತಿದ್ದ ಫೈಲ್‌ನಿಂದ ಮುಂದುವರಿದು ಎಲ್ಲವನ್ನೂ ಮುಗಿಸಿತು. ಲಾಗ್‌ನಲ್ಲಿ ‘ಫೇಲ್’ ಎಂಬಲ್ಲಿ ಸೊನ್ನೆ. ಫೈಲ್‌ಗಳ ಸಂಖ್ಯೆ ಸರಿ, ಒಟ್ಟು ಗಾತ್ರವೂ ಸರಿ.

ಆದರೆ ನನ್ನ ಬ್ಯಾಚ್ ಫೈಲ್‌ನ ಕೊನೆಯ ಹಂತ ಬೇರೆಯೇ ಹೇಳಿತು. ಕಾಪಿ ಮುಗಿದ ಮೇಲೆ ಅದು ಪ್ರತಿ ಫೈಲ್‌ನ ‘ಹ್ಯಾಶ್’ ಲೆಕ್ಕ ಹಾಕುತ್ತದೆ. ಹ್ಯಾಶ್ ಎಂದರೆ ಫೈಲ್‌ನ ಹೆಬ್ಬೆರಳ ಗುರುತು. ಶಾ-256 ಎಂಬ ವಿಧಾನದಲ್ಲಿ ಫೈಲ್ ಎಷ್ಟೇ ದೊಡ್ಡದಿರಲಿ 64 ಅಕ್ಷರದ ಒಂದು ಗುರುತು ಸಿಗುತ್ತದೆ. ಒಳಗೆ ಒಂದೇ ಒಂದು ಬಿಟ್ ವ್ಯತ್ಯಾಸವಾದರೂ ಗುರುತು ಪೂರಾ ಬದಲಾಗುತ್ತದೆ. ಆ ದಿನ ಒಂದು ವಿಡಿಯೊದ ಗುರುತು ಕಾರ್ಡ್‌ನಲ್ಲಿ ಒಂದು, ಡಿಸ್ಕ್‌ನಲ್ಲಿ ಇನ್ನೊಂದು.

ಕಾರಣ ಸರಳ. ‘ಬರೆದಾಯಿತು’ ಎಂದು ಹೇಳಿದ ಮಾಹಿತಿ ಕೆಲವು ಕ್ಷಣ ಮೆಮೊರಿಯಲ್ಲೇ ಕಾದಿರುತ್ತದೆ. ಅಷ್ಟರಲ್ಲಿ ಕರೆಂಟ್ ಹೋದರೆ ಹೆಸರು, ಗಾತ್ರ, ದಿನಾಂಕ ಎಲ್ಲ ಡಿಸ್ಕ್‌ಗೆ ಸೇರಿ, ಒಳಗಿನ ಸರಕಿನ ಬಾಲ ಮಾತ್ರ ಸೇರದೆ ಉಳಿಯಬಹುದು. ರೋಬೋಕಾಪಿ ನೋಡುವುದು ಗಾತ್ರ ಮತ್ತು ಸಮಯವನ್ನು. ಎರಡೂ ಸರಿಯಿದ್ದರೆ ‘ಇದು ಆಗಿದೆ’ ಎಂದು ಮುಂದಕ್ಕೆ ಹೋಗುತ್ತದೆ. ಆ ಒಂದು ಫೈಲ್ ಅಳಿಸಿ ಮತ್ತೆ ಕಾಪಿ ಮಾಡಿದೆ. ನೋಡಿದರೆ ಅದು ಊಟದ ಪಂಕ್ತಿಯ ದೃಶ್ಯ. ಧಾರೆಯಂತೂ ಅಲ್ಲ. ಆದರೆ ಪಂಕ್ತಿಯ ಕೊನೆಯಲ್ಲಿ ಕೂತು ನಗುತ್ತಿದ್ದ ಅಜ್ಜಿಯ ಬೇರೆ ವಿಡಿಯೊ ಆ ಮನೆಯಲ್ಲಿ ಇದೆಯೋ ಇಲ್ಲವೋ, ಯಾರಿಗೆ ಗೊತ್ತು? ಎರಡು ಗಂಟೆ ತಡವಾಗಿದ್ದರೆ ಕಾರ್ಡ್ ವಾಪಸ್ ಹೋಗಿರುತ್ತಿತ್ತು.

ವಿಂಡೋಸ್‌ನಲ್ಲಿ ‘ಸರ್ಟ್‌ಯುಟಿಲ್’, ಪವರ್‌ಶೆಲ್‌ನಲ್ಲಿ ‘ಗೆಟ್-ಫೈಲ್‌ಹ್ಯಾಶ್’, ಲಿನಕ್ಸ್‌ನಲ್ಲಿ ‘ಶಾ256ಸಮ್’ ಈ ಕೆಲಸ ಮಾಡುತ್ತವೆ. ‘ಟೆರಾಕಾಪಿ’ಯಲ್ಲಿ ಕಾಪಿ ಆದ ಮೇಲೆ ತಾಳೆ ನೋಡುವ ಆಯ್ಕೆಯೇ ಇದೆ. ಎಲ್ಲ ಫೈಲ್‌ಗಳನ್ನೂ ಮತ್ತೊಮ್ಮೆ ಓದಬೇಕಾದ್ದರಿಂದ ಇನ್ನೊಂದು ಗಂಟೆ ಹಿಡಿಯುತ್ತದೆ. ಹಿಡಿಯಲಿ ಬಿಡಿ, ರಾತ್ರಿ ನಿದ್ದೆ ನಮ್ಮದು, ಲೆಕ್ಕ ಅದರದು.

ಕಟ್ ಬೇಡ, ಕಾಪಿ ಇರಲಿ

ಇದೇ ಕಾರಣಕ್ಕೆ ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ‘ಕಟ್’ ಮಾಡುವ ಅಭ್ಯಾಸ ಬಿಡಿ. ಒಂದೇ ಡ್ರೈವ್ ಒಳಗೆ ಕಟ್ ಮಾಡಿದರೆ ಫೈಲ್ ಕದಲುವುದೇ ಇಲ್ಲ, ವಿಳಾಸ ಮಾತ್ರ ಬದಲಾಗುತ್ತದೆ. ಅದಕ್ಕೇ ಕ್ಷಣದಲ್ಲಿ ಮುಗಿಯುವುದು. ಬೇರೆ ಡ್ರೈವ್‌ಗಾದರೆ ಅದು ಕಾಪಿ ಮಾಡಿ, ಹಿಂದಿನದನ್ನು ಅಳಿಸುವ ಕೆಲಸ. ನಾವು ತಾಳೆ ನೋಡುವ ಮುನ್ನವೇ ಮೂಲ ಹೋಗಿರುತ್ತದೆ. ಮೊದಲು ಕಾಪಿ, ಆಮೇಲೆ ತಾಳೆ, ಕೊನೆಗೆ ಅಳಿಸುವುದು. ಕ್ರಮ ತಪ್ಪಬಾರದು.

ಛಾಯಾಗ್ರಾಹಕರ ನಡುವೆ ‘3-2-1’ ಎಂಬ ಸೂತ್ರ ಚಾಲ್ತಿಯಲ್ಲಿದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ್ದು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ನಿಮ್ಮ ಅಂತಿಮ ವರ್ಷದ ಪ್ರಾಜೆಕ್ಟ್, ಅಂಕಪಟ್ಟಿಗಳ ಸ್ಕ್ಯಾನ್, ನೇಮಕಾತಿ ಅರ್ಜಿಗಳ ಪಿಡಿಎಫ್ ಎಲ್ಲ ಸೇರಿದರೂ ಗೂಗಲ್ ಡ್ರೈವ್ ಪುಕ್ಕಟೆ ಕೊಡುವ 15 ಜಿಬಿ ತುಂಬಲಿಕ್ಕಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು, ಡ್ರೈವ್‌ನಲ್ಲಿ ಒಂದು ಇಟ್ಟರೆ ಸೂತ್ರ ಪೂರ್ಣ.

ಉದ್ಯೋಗ ಹುಡುಕುವವರಿಗೆ ಇನ್ನೊಂದು ಮಾತು. ಬಯೊಡೇಟಾದಲ್ಲಿ ‘ಕಂಪ್ಯೂಟರ್ ಜ್ಞಾನವಿದೆ’ ಎಂದು ಎಲ್ಲರೂ ಬರೆಯುತ್ತಾರೆ. ‘ಎಲ್ಲಿ ನಿಧಾನವಾಗುತ್ತಿದೆ ಎಂದು ಅಳೆದೆ, ಅದೊಂದನ್ನೇ ಬದಲಿಸಿದೆ, ಉಳಿದದ್ದನ್ನು ಸ್ಕ್ರಿಪ್ಟ್‌ಗೆ ಒಪ್ಪಿಸಿದೆ, ಫಲಿತಾಂಶ ತಾಳೆ ನೋಡಿದೆ’ ಎಂದು ಹೇಳಬಲ್ಲವರು ಕಡಿಮೆ. ಬ್ಯಾಂಕಿನಲ್ಲಾಗಲಿ, ಕಚೇರಿಯಲ್ಲಾಗಲಿ, ಸಾಫ್ಟ್‌ವೇರ್ ಕಂಪನಿಯಲ್ಲಾಗಲಿ ಬೇಕಾಗುವ ಕ್ರಮ ಇದೇ. ಇದನ್ನು ಕಲಿಯಲು ಕೋರ್ಸ್ ಬೇಡ, ಮನೆಯ ಹಳೆಯ ಕಂಪ್ಯೂಟರ್ ಸಾಕು.

ನನ್ನ ಬ್ಯಾಚ್ ಫೈಲ್ ಈಗ ನಲವತ್ತು ಸಾಲು ದಾಟಿದೆ. ಫೋಲ್ಡರ್ ತೆರೆಯುತ್ತದೆ, ಕಾಪಿ ಮಾಡುತ್ತದೆ, ತಾಳೆ ನೋಡುತ್ತದೆ, ವರದಿ ಬರೆಯುತ್ತದೆ, ಕೊನೆಗೆ ಕಂಪ್ಯೂಟರನ್ನೂ ಆಫ್ ಮಾಡುತ್ತದೆ. ಕಾರ್ಡ್ ಅಳಿಸುವ ಸಾಲನ್ನು ಮಾತ್ರ ಅದರಲ್ಲಿ ಬರೆದಿಲ್ಲ. ಬೆಳಿಗ್ಗೆ ವರದಿ ಓದಿ, ಎರಡು ಡಿಸ್ಕ್‌ನಿಂದಲೂ ಒಂದೊಂದು ವಿಡಿಯೊ ತೆರೆದು ನೋಡಿ, ಆಮೇಲಷ್ಟೇ ಸ್ಟುಡಿಯೊದವರಿಗೆ ಫೋನ್ ಮಾಡಿ ‘ಅಣ್ಣಾ, ಇನ್ನು ಫಾರ್ಮ್ಯಾಟ್ ಮಾಡಬಹುದು’ ಎನ್ನುತ್ತೇನೆ.